ರಂಗದಲ್ಲಿ ಮಹಿಷಾಸುರ, ಮನೆಯಲ್ಲಿ ಮೌನಿ

ಆಪ್ತಸಲಹೆಗೆ ನನ್ನಲ್ಲಿಗೆ ಬಂದ ಗಂಡ ಹೆಂಡತಿಯ ಪ್ರಕರಣ ಇದು. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಗಂಡನನ್ನು ರಾಘು ಎಂದು ಕರೆಯುತ್ತೇನೆ, ನಿಜ ಹೆಸರಲ್ಲ. ಊರು, ಮೇಳ, ವಯಸ್ಸು ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಇನ್ನೂ ಕೆಲವು ವಿವರ ಬದಲಿಸಿದ್ದೇನೆ.

ರಾಘು ಯಕ್ಷಗಾನ ಕಲಾವಿದರು, ಕರಾವಳಿಯ ತೆಂಕಣ ಶೈಲಿಯಾದ ತೆಂಕುತಿಟ್ಟಿನವರು. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಅವರದು. ದೊಂದಿಯ ಬೆಂಕಿ ಹಾರಿಸುತ್ತಾ, ಆರ್ಭಟ ಕೊಡುತ್ತಾ ಸಭೆಯ ಹಿಂದಿನಿಂದ ಮಹಿಷಾಸುರ ಬರುವಾಗ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರಲ್ಲ, ಅದೇ ಮಹಿಷಾಸುರ. ನನ್ನೆದುರು ಮಾತ್ರ ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದರು. ಮಾತಾಡಿದ್ದು ಪೂರ್ತಿ ಅವರ ಹೆಂಡತಿ. ಅವರು ಶಾಲೆಯಲ್ಲಿ ಟೀಚರ್.

"ಇವರಿಗೆ ಎಂತದೋ ಉಂಟು ಮೇಡಂ. ರಾತ್ರಿ ಸಾವಿರ ಜನರ ಎದುರು ಅಬ್ಬರಿಸುವವರಿಗೆ ಮನೆಯಲ್ಲಿ ಎರಡು ಮಾತು ಬರುವುದಿಲ್ವಾ? ಆಟ ಆಡಿಸುವವರ ಮನೆಯಲ್ಲಿ ಊಟಕ್ಕೆ ಕೂತರೆ ತಲೆ ಎತ್ತುವುದಿಲ್ಲ. ಜನ ಅಹಂಕಾರ ಅಂತಾರೆ. ಮಳೆಗಾಲದಲ್ಲಿ ವೇಷ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆಗೆ ಕರೆ ಬಂದರೆ ಜ್ವರ ಅಂತ ಸುಳ್ಳು ಹೇಳಿಸ್ತಾರೆ, ಅದೂ ನನ್ನ ಕೈಯಲ್ಲಿ. ಅಕ್ಕ ಹೇಳಿದಳು, ಇದು ಡಿಪ್ರೆಷನ್ ಅಂತ."

ಅಕ್ಕನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹಾಗಾಗಿ ಮೊದಲು ಅದನ್ನೇ ನೋಡಿದೆ. ಹಸಿವು, ನಿದ್ದೆ, ಕುಡಿತ, ಕೆಲಸದ ಮೇಲಿನ ಆಸೆ, ಬದುಕು ಸಾಕು ಎನ್ನುವ ಯೋಚನೆ, ಎಲ್ಲ ಕೇಳಿದೆ. ಹೆಂಡತಿಯನ್ನು ಹೊರಗೆ ಕೂರಿಸಿ ಇನ್ನೊಮ್ಮೆ ಕೇಳಿದೆ. ಹಸಿವು ಚೆನ್ನಾಗಿತ್ತು. ವೇಷದ ಮಾತು ಎತ್ತಿದರೆ ಮುಖ ಅರಳುತ್ತಿತ್ತು. ಮನೆಯಲ್ಲಿದ್ದಾಗ ಅಡಿಕೆ ತೋಟ, ಹಳೆಯ ಕಿರೀಟದ ರಿಪೇರಿ, ಇದರಲ್ಲೇ ಖುಷಿ. ಚಿಕ್ಕಂದಿನಲ್ಲೂ ಹೀಗೇ ಇದ್ದರಂತೆ. ಖಿನ್ನತೆಯಾದರೆ ಸಾಮಾನ್ಯವಾಗಿ ಅದಕ್ಕೊಂದು ಶುರು ಇರುತ್ತದೆ. "ಇವರು ಮೊದಲಿನ ಹಾಗಿಲ್ಲ" ಎಂದು ಮನೆಯವರೇ ಹೇಳುತ್ತಾರೆ. ರಾಘು ಮೊದಲಿನ ಹಾಗೇ ಇದ್ದರು. ಹೆಂಡತಿಯ ದೂರೇ ಅದು!

ಒಂದು ಮಾತ್ರ ಬದಲಾಗಿತ್ತು. ಈಚೆಗೆ ಸಿಟ್ಟು ಜಾಸ್ತಿ. ಅದಕ್ಕೆ ಆಮೇಲೆ ಬರುತ್ತೇನೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ವಿಂಗಡಣೆಯನ್ನು ಜನರ ಬಾಯಿಗೆ ತಂದವರು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್, 1921ರಲ್ಲಿ. ಆಮೇಲೆ ಬ್ರಿಟನ್ನಿನ ಹ್ಯಾನ್ಸ್ ಐಸೆಂಕ್ ಅದನ್ನು ಮಿದುಳಿಗೆ ಜೋಡಿಸಿದರು. ಅಂತರ್ಮುಖಿಯ ಮಿದುಳು ಸುಮ್ಮನಿರುವಾಗಲೂ ಹೆಚ್ಚು ಎಚ್ಚರವಾಗಿರುತ್ತದೆ, ಹಾಗಾಗಿ ಗದ್ದಲ ಬೇಗ ಸಾಕಾಗುತ್ತದೆ ಎಂದರು. ಮುಂದಿನ ಪರೀಕ್ಷೆಗಳಲ್ಲಿ ಈ ವಾದ ಅಷ್ಟು ನೇರವಾಗಿ ನಿಲ್ಲಲಿಲ್ಲ. ಆದರೂ ನಾನು ದಿನಾ ನೋಡುವುದು ಅದಕ್ಕೆ ದೂರವೇನಲ್ಲ. ಕೆಲವರಿಗೆ ಜನ ಸೇರಿದರೆ ಹುರುಪು, ಕೆಲವರಿಗೆ ಸುಸ್ತು. ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ. ಇದರಲ್ಲಿ ರೋಗ ಏನೂ ಇಲ್ಲ.

"ಹಾಗಾದ್ರೆ ಮಹಿಷಾಸುರ ಹೇಗೆ ಬರ್ತಾನೆ?" ಹೆಂಡತಿ ಕೇಳಿದ್ದು ಸರಿಯಾದ ಪ್ರಶ್ನೆ.

ಕೆನಡಾದ ಮನಶ್ಶಾಸ್ತ್ರಜ್ಞ ಬ್ರಯಾನ್ ಲಿಟಲ್ ಇದಕ್ಕೊಂದು ಉತ್ತರ ಕೊಟ್ಟಿದ್ದಾರೆ. ಮನಸ್ಸಿಗೆ ತುಂಬ ಹತ್ತಿರವಾದ ಕೆಲಸಕ್ಕಾಗಿ ಮನುಷ್ಯ ತನ್ನ ಸ್ವಭಾವ ಮೀರಿ ನಡೆಯಬಲ್ಲ, ಆದರೆ ಆಮೇಲೆ ಒಬ್ಬನೇ ಕೂತು ಸುಧಾರಿಸಿಕೊಳ್ಳಲು ಜಾಗ ಬೇಕು. ಲಿಟಲ್ ಸ್ವತಃ ಅಂತರ್ಮುಖಿ, ತರಗತಿಯಲ್ಲಿ ಮಾತ್ರ ಭರ್ಜರಿ ಉಪನ್ಯಾಸಕ. ಪಾಠ ಮುಗಿದ ಮೇಲೆ ಶೌಚಾಲಯದಲ್ಲಿ ಅಡಗಿ ಕೂರುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಇದನ್ನು ಕೇಳಿ ರಾಘು ಮೊದಲ ಸಲ ನಕ್ಕರು.

ಅವರ ಜಾಗ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣದ ಚುಟ್ಟಿ ಇಡಬೇಕು. ಮುಖ ತುಂಬ ಒಂದೊಂದೇ ಮುಳ್ಳು ಇಡುತ್ತಾ ಹೋದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಆಗ ಯಾರೂ ಮಾತಾಡಿಸುವುದಿಲ್ಲ. ಕನ್ನಡಿ, ಕಡ್ಡಿ, ತಾನು, ಅಷ್ಟೇ. "ಆ ಹೊತ್ತು ಇಲ್ಲದಿದ್ರೆ ನನಗೆ ಆರ್ಭಟ ಬರುವುದಿಲ್ಲ" ಎಂದರು. ಈಗ ಆ ಹೊತ್ತೇ ಹೋಗಿದೆ. ಅಭಿಮಾನಿಗಳು ಮೊಬೈಲ್ ಹಿಡಿದು ಚೌಕಿಗೆ ಬರುತ್ತಾರೆ. ಒಂದು ಸೆಲ್ಫಿ, ಒಂದು ರೀಲ್, "ಅಣ್ಣಾ, ಒಂದು ಮಾತು ಹೇಳಿ". ಬರುವವರು ಪ್ರೀತಿಯಿಂದಲೇ ಬರುತ್ತಾರೆ, ಅದೇ ಕಷ್ಟ. ಬೈಯುವಂತಿಲ್ಲ.

ದೀಪಾವಳಿ ಕಳೆದು ಹೊರಟ ಮೇಳ ಮೇ ತಿಂಗಳ ಪತ್ತನಾಜೆವರೆಗೆ, ಅಂದರೆ ತಿರುಗಾಟ ಮುಗಿಯುವ ದಿನದವರೆಗೆ, ತಿರುಗುತ್ತದೆ. ಹೆಚ್ಚುಕಡಿಮೆ ದಿನಾ ಆಟ. ಕೆಲವು ಮೇಳಗಳು ಕಾಲಮಿತಿಗೆ ಬಂದಿವೆ, ಇವರದು ಬೆಳಗಿನ ತನಕ. ಮನೆ ಮುಟ್ಟುವಾಗ ಬಿಸಿಲು ಏರಿರುತ್ತದೆ. ಹಗಲು ನಿದ್ದೆಗೆ ಮಿಕ್ಸಿ, ಟೀವಿ, ಬಾಗಿಲು ತಟ್ಟುವವರು ಯಾರೂ ಬಿಡುವುದಿಲ್ಲ. ಸಂಜೆಗೆ ಮತ್ತೆ ಹೊರಡಬೇಕು. ಈಚಿನ ಸಿಟ್ಟಿಗೆ ಕಾರಣ ಇಲ್ಲೇ ಸಿಕ್ಕಿತು ಅನ್ನಿಸಿತು. ಚೌಕಿಯ ಬಿಡುವೂ ಇಲ್ಲ, ಹಗಲಿನ ನಿದ್ದೆಯೂ ಇಲ್ಲ. ಬಹಿರ್ಮುಖಿಯೂ ರೇಗುತ್ತಾನೆ ಬಿಡಿ.

ಸಲಹೆ ಸಣ್ಣದೇ. ಹಗಲು ಮಲಗುವ ಕೋಣೆಗೆ ದಪ್ಪ ಪರದೆ, ಫೋನ್ ಹೆಂಡತಿಯ ಹತ್ತಿರ. ಚೌಕಿಯಲ್ಲಿ ಚುಟ್ಟಿ ಇಡುವಾಗ ಫೋಟೋ ಇಲ್ಲ, ಕಿರೀಟ ಕಟ್ಟಿದ ಮೇಲೆ ಐದು ನಿಮಿಷ ಯಾರು ಬೇಕಾದರೂ ತೆಗೆಯಬಹುದು. ಇದನ್ನು ರಾಘು ಹೇಳಬೇಕಾಗಿಲ್ಲ. ಮೇಳದ ಹಾಸ್ಯಗಾರರು ಅವರ ಗೆಳೆಯ, ಜನರನ್ನು ಕಂಡರೆ ಅರಳುವವರು. ಅವರಿಗೇ ಈ ಕೆಲಸ ಒಪ್ಪಿಸಲು ಹೇಳಿದೆ. ಅವರು ಖುಷಿಯಿಂದ ಒಪ್ಪಿದರಂತೆ.

ತಾಳಮದ್ದಳೆಯ ವಿಷಯ ಬೇರೆ. ಇಲ್ಲಿ ಹೆಂಡತಿ ಹೇಳಿದ್ದರಲ್ಲಿ ಹುರುಳಿತ್ತು. ಬಣ್ಣ ಇಲ್ಲ, ಕುಣಿತ ಇಲ್ಲ, ಪಂಚೆ ಶಲ್ಯದಲ್ಲಿ ಕೂತು, ಭಾಗವತರು ಹಾಡಿದ ಪದ್ಯಕ್ಕೆ ಪಾತ್ರವಾಗಿ ಅರ್ಥ ಹೇಳಬೇಕು. ಕರೆ ಬಂದ ದಿನದಿಂದ ರಾಘುಗೆ ಹೊಟ್ಟೆ ಕೆಡುತ್ತಿತ್ತು. ಕೈ ಬೆವರುತ್ತಿತ್ತು. ಎದುರಿನ ಅರ್ಥಧಾರಿ ಏನಾದರೂ ಕೇಳಿ ತಾನು ತಡವರಿಸಿದರೆ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಜ್ವರದ ಸುಳ್ಳು. ಬೇಡ ಅಂದ ತಕ್ಷಣ ನಿರಾಳ. ಆ ನಿರಾಳವೇ ಹೆದರಿಕೆಗೆ ಗೊಬ್ಬರ. ಮುಂದಿನ ಕರೆಗೆ ಅದು ಇನ್ನಷ್ಟು ಬೆಳೆದಿರುತ್ತದೆ.

ಇದು ಅಂತರ್ಮುಖತೆ ಅಲ್ಲ. ಅಂತರ್ಮುಖಿಗೆ ಜನ ಬೇಡವಾದಾಗ ಬೇಡ, ಅಷ್ಟೇ. ರಾಘುಗೆ ತಾಳಮದ್ದಳೆ ಬೇಕಿತ್ತು. ದೊಡ್ಡ ಅರ್ಥಧಾರಿಗಳ ರೆಕಾರ್ಡಿಂಗ್ ಕೇಳುತ್ತಾ ತೋಟದಲ್ಲಿ ಒಬ್ಬರೇ ಅರ್ಥ ಹೇಳಿಕೊಳ್ಳುತ್ತಿದ್ದರು. ಬೇಕು, ಆದರೆ ಹೆದರಿಕೆ. ಸ್ವಭಾವವನ್ನು ಬದಲಿಸಲು ನಾನು ಹೋಗುವುದಿಲ್ಲ, ಹೆದರಿಕೆಯನ್ನು ಹಾಗೇ ಬಿಡುವುದಿಲ್ಲ. ಎರಡನ್ನೂ ಒಂದೇ ಎಂದುಕೊಂಡು "ನಾನು ಇರುವುದೇ ಹೀಗೆ" ಎಂದು ಕೂತುಬಿಡುವ ಕಲಾವಿದರು ಬಹಳ.

ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಉದಾಹರಣೆಯನ್ನು ಕೆಲವರು ಕೊಡುತ್ತಾರೆ. 1964ರಲ್ಲಿ, 31ನೇ ವಯಸ್ಸಿಗೇ ಕಛೇರಿ ಬಿಟ್ಟು ಸ್ಟುಡಿಯೋ ಸೇರಿದರು. ಅವರಿಗೆ ರೆಕಾರ್ಡಿಂಗ್ ಎಂಬ ದಾರಿ ಇತ್ತು. ಎದುರಿಗೆ ಇನ್ನೊಬ್ಬ ಅರ್ಥಧಾರಿ, ಹಿಂದೆ ಭಾಗವತರು ಇಲ್ಲದೆ ತಾಳಮದ್ದಳೆ ಆಗುತ್ತದಾ?

ನನಗೆ ಉಪಯೋಗಕ್ಕೆ ಬಂದದ್ದು ರಾಘು ಆಗಲೇ ಬಲ್ಲ ವಿದ್ಯೆ. ಆಟದಲ್ಲೂ ಅವರು ಬಾಯಿಪಾಠ ಒಪ್ಪಿಸುವುದಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಆ ಪದ್ಯದ ಒಳಗೆ ನಿಂತು ಮಾತು ಕಟ್ಟುತ್ತಾರೆ. ತಾಳಮದ್ದಳೆಯಲ್ಲೂ ಪದ್ಯ ಇದ್ದೇ ಇದೆ. ಬಣ್ಣ ಇಲ್ಲದಾಗ ತಾನು ಬೆತ್ತಲೆ ಎಂಬ ಭಾವ ಇತ್ತು, ಮಾತಿಗೇನೂ ಕೊರತೆ ಇರಲಿಲ್ಲ. ಆದ್ದರಿಂದ ಮೆಟ್ಟಿಲು ಮಾಡಿದೆವು. ಮೊದಲು ಮನೆಯಲ್ಲಿ ಬಣ್ಣ ಇಲ್ಲದೆ, ಹೆಂಡತಿಯ ಎದುರು ಎರಡೇ ಪದ್ಯಕ್ಕೆ ಅರ್ಥ. ಆಮೇಲೆ ಹಾಸ್ಯಗಾರರನ್ನು ಎದುರು ಕೂರಿಸಿ. ಅವರು ಬೇಕೆಂದೇ ಅಡ್ಡ ಪ್ರಶ್ನೆ ಹಾಕಬೇಕು, ಇವರು ಬೇಕೆಂದೇ ಒಮ್ಮೆ ತಡವರಿಸಬೇಕು. ತಡವರಿಸಿಯೂ ಏನೂ ಆಗುವುದಿಲ್ಲ ಎಂದು ಮೈಗೆ ಗೊತ್ತಾಗಬೇಕು. ನಂತರ ಪರಿಚಯದವರ ಮನೆಯಲ್ಲಿ ಒಂದು ಸಣ್ಣ ಪಾತ್ರ. ಹೊಟ್ಟೆ ಕೆಟ್ಟರೂ ಹೋಗುವುದು. ಜ್ವರದ ಸುಳ್ಳನ್ನು ಹೆಂಡತಿ ಇನ್ನು ಹೇಳುವುದಿಲ್ಲ.

ನಡುವೆ ಒಂದು ಮಾತ್ರೆಯ ಕಥೆ ಹೊರಬಂತು. ಮೇಳದಲ್ಲಿ ಯಾರೋ "ಎದೆ ಹೊಡೆದುಕೊಳ್ಳುವುದು ನಿಲ್ತದೆ" ಎಂದು ಪ್ರೊಪ್ರನಲಾಲ್ ಕೊಟ್ಟಿದ್ದರು. ಈ ಬೀಟಾ ಬ್ಲಾಕರ್ ಅನ್ನು ವೇದಿಕೆಯ ಹೆದರಿಕೆಗೆ ವೈದ್ಯರು ಕೊಡುವುದುಂಟು. ಆದರೆ ರಾಘುಗೆ ಉಬ್ಬಸ ಇದೆ. ಉಬ್ಬಸದವರಿಗೆ ಅದು ಉಸಿರಾಟವನ್ನೇ ಕಟ್ಟಿಸಬಹುದು. ಮಾತ್ರೆಗಳನ್ನು ಅವರ ಡಾಕ್ಟರಿಗೆ ಒಪ್ಪಿಸಿ ಬರಲು ಹೇಳಿದೆ. ಇನ್ನೊಬ್ಬರ ಜೇಬಿನ ಮಾತ್ರೆ ಬೇಡವೇ ಬೇಡ.

ಹೆಂಡತಿಗೂ ನ್ಯಾಯ ಸಿಗಬೇಕಿತ್ತು. ದಿನವಿಡೀ ಮಕ್ಕಳ ಜೊತೆ ಮಾತಾಡಿ ಬಂದರೂ ಅವರಿಗೆ ಮನೆಯಲ್ಲಿ ಮಾತು ಬೇಕು. ಅದು ತಪ್ಪಲ್ಲ. ಗಂಡ ಸುಮ್ಮನಿದ್ದರೆ "ನನ್ನ ಮೇಲೆ ಸಿಟ್ಟಾ?" ಎಂದು ಕೊರಗುತ್ತಿದ್ದರು. ರಾಘುಗೆ ಹೇಳಿದೆ: ಮೌನ ನಿಮ್ಮದು, ಆದರೆ ಅದರ ಕಾರಣ ಅವರಿಗೆ ಗೊತ್ತಾಗಬೇಕು. "ಸುಸ್ತಾಗಿದೆ, ನಿನ್ನ ಮೇಲೆ ಏನಿಲ್ಲ" ಅಂದರೆ ಸಾಕು. ಶಾಲೆಗೆ ರಜೆ ಇರುವ ದಿನ, ಆಟಕ್ಕೆ ಹೊರಡುವ ಮೊದಲಿನ ಚಹಾ ಇಬ್ಬರೂ ಕೂತು ಕುಡಿಯಬೇಕು, ಆಗ ಮಾತು ತಪ್ಪಿಸುವಂತಿಲ್ಲ. ಹೆಂಡತಿಗೆ ಹೇಳಿದ್ದು, ಅವರು ಮನೆಗೆ ಬಂದ ತಕ್ಷಣ ಊರ ಸುದ್ದಿ ಬೇಡ. ಅಕ್ಕನ ಮನೆಗೆ, ಗೆಳತಿಯರ ಹತ್ತಿರ ಹೋಗಿ ಬನ್ನಿ. ಎಲ್ಲ ಮಾತಿಗೂ ಗಂಡನೇ ಕಿವಿಯಾಗಬೇಕು ಎಂದು ಎಲ್ಲಿದೆ?

ಉಲ್ಟಾ ಪ್ರಕರಣವೂ ನನ್ನಲ್ಲಿ ಬರುತ್ತದೆ. ಒಬ್ಬ ಚಿತ್ರ ಕಲಾವಿದೆ. ಒಂಟಿಯಾಗಿ ಕೋಣೆಯಲ್ಲಿ ಕೂತರೆ ಕೈ ಓಡುವುದಿಲ್ಲ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ದಿನವಿಡೀ ನಿಂತು ಮಾತಾಡಿದರೆ ಹಬ್ಬ. "ನಾನು ನಿಜವಾದ ಕಲಾವಿದೆ ಅಲ್ವೇನೋ" ಎಂದು ಅತ್ತಿದ್ದರು. ಕಲಾವಿದ ಎಂದರೆ ಒಂಟಿ, ಗಡ್ಡ, ಮೌನ ಎಂಬ ಸಿನಿಮಾ ಚಿತ್ರ ಎಷ್ಟು ಜನರಿಗೆ ಕಾಟ ಕೊಡುತ್ತದೆ ನೋಡಿ. ಗ್ರೆಗರಿ ಫೈಸ್ಟ್ ಎಂಬ ಸಂಶೋಧಕರು 1998ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, ಸೃಜನಶೀಲರಲ್ಲಿ ಎದ್ದು ಕಂಡ ಗುಣಗಳಲ್ಲಿ ಒಂದು ಹೊಸ ಅನುಭವಕ್ಕೆ ತೆರೆದುಕೊಳ್ಳುವುದು. ಅದಕ್ಕೆ ಮೌನಿಯೇ ಆಗಬೇಕೆಂದಿಲ್ಲ. ಆಕೆಗೆ ಗೆಳತಿಯರ ಜೊತೆ ಸೇರಿ ಸ್ಟುಡಿಯೋ ಬಾಡಿಗೆಗೆ ಹಿಡಿಯಲು ಹೇಳಿದೆ. ಅಷ್ಟರಲ್ಲೇ ಮುಗಿಯಿತು.

ರಾಘು ಪ್ರಕರಣ ಅಷ್ಟು ಬೇಗ ಮುಗಿದಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ತಾಳಮದ್ದಳೆಯಲ್ಲಿ ಸಣ್ಣ ಪಾತ್ರಕ್ಕೆ ಅರ್ಥ ಹೇಳಿದರು. ಒಂದೆಡೆ ತಡವರಿಸಿದರು, ಎದುರಿನವರು ಎತ್ತಿಕೊಂಡರು. ಮುಂದಿನ ಕರೆಗೂ ಹೊಟ್ಟೆ ಕೆಟ್ಟಿತು, ಆದರೂ ಹೋದರು. ಚೌಕಿಯ ನಿಯಮ ಅರ್ಧ ನಡೆಯುತ್ತದೆ, ಅರ್ಧ ನಡೆಯುವುದಿಲ್ಲ. ಆಟ ಆಡಿಸುವವರ ಮನೆಯ ಊಟದಲ್ಲಿ ಈಗಲೂ ತಲೆ ಎತ್ತುವುದಿಲ್ಲ. ಅದನ್ನು ಸರಿ ಮಾಡಿಕೊಡಿ ಎಂದು ಹೆಂಡತಿ ಕೇಳಿದರು. ರಾಘು ಬೇಡ ಎಂದರು. ಊಟಕ್ಕೆ ಕೂತಾಗ ಮಾತಾಡಲು ಹೆದರಿಕೆ ಏನಿಲ್ಲವಂತೆ, ಮನಸ್ಸಿಲ್ಲವಂತೆ. ಇದರಲ್ಲಿ ನಾನು ರಾಘು ಪರ. ಹೆಂಡತಿ ಇನ್ನೂ ಒಪ್ಪಿಲ್ಲ.