ಹೋಗಲು ಎರಡೂವರೆ ತಾಸು, ಬರಲು ಐದು ತಾಸು?

ಪ್ರಶ್ನೆ: ಮಗ ಕೆಲಸದ ಮೇಲೆ ಹೈದರಾಬಾದಿನಿಂದ ದುಬೈಗೆ ಹೊರಟಿದ್ದಾನೆ. ಟಿಕೆಟ್‌ನಲ್ಲಿ ಹೋಗುವಾಗ ಬೆಳಿಗ್ಗೆ 10ಕ್ಕೆ ಬಿಟ್ಟು ಮಧ್ಯಾಹ್ನ 12.30ಕ್ಕೆ ಮುಟ್ಟುತ್ತದೆ ಎಂದಿದೆ. ಬರುವಾಗ 14ನೇ ತಾರೀಖು ರಾತ್ರಿ 10ಕ್ಕೆ ಬಿಟ್ಟು 3ಕ್ಕೆ ಇಳಿಯುತ್ತದಂತೆ. ದಾರಿ ಒಂದೇ ಅಲ್ವಾ? ಬರುವಾಗ ನಡುವೆ ಎಲ್ಲಾದರೂ ನಿಲ್ಲುತ್ತದಾ? ಕರೆದುಕೊಂಡು ಬರಲು ಗಾಡಿ ಯಾವಾಗ ಕಳಿಸೋಣ?
- ಒಬ್ಬ ತಾಯಿ, ಸಿಂಧನೂರು

ಉತ್ತರ: ಅಕ್ಕಾ, ವಿಮಾನ ನಡುವೆ ಎಲ್ಲೂ ನಿಲ್ಲುವುದಿಲ್ಲ, ಗಾಬರಿ ಬೇಡ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಮುಟ್ಟುವ ಹೊತ್ತು ಮುಟ್ಟುವ ಊರಿನದು. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಭೂಮಿ 15 ಡಿಗ್ರಿ ತಿರುಗಲು ಒಂದು ತಾಸು ಬೇಕು. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ಅವರದು 60 ಡಿಗ್ರಿಗೆ. ನಡುವಿನ 22.5 ಡಿಗ್ರಿಗೆ ಸರಿಯಾಗಿ ತೊಂಬತ್ತು ನಿಮಿಷ. ಬೇಸಿಗೆ, ಚಳಿಗಾಲ ಅಂತ ಅಲ್ಲಿ ಗಡಿಯಾರ ಬದಲಿಸುವುದೂ ಇಲ್ಲ, ಹಾಗಾಗಿ ಈ ಲೆಕ್ಕ ವರ್ಷವಿಡೀ ಒಂದೇ.

ಈಗ ಎರಡನ್ನೂ ನಮ್ಮ ಗಡಿಯಾರಕ್ಕೆ ತಂದು ನೋಡಿ. ಅಲ್ಲಿ 12.30 ಅಂದರೆ ನಮಗೆ 2 ಗಂಟೆ, ಹೋಗಲು ನಾಲ್ಕು ತಾಸು ಆಯಿತು. ಅಲ್ಲಿ ರಾತ್ರಿ 10 ಅಂದರೆ ನಮಗೆ 11.30, ಬರಲು ಮೂರೂವರೆ ತಾಸು. ನಿಜವಾಗಿ ಬರುವುದೇ ಬೇಗ!

ಎರಡೂರಿನ ನಡುವೆ ನೇರ ದೂರ ಸುಮಾರು 2,550 ಕಿ.ಮೀ. ವಿಮಾನ ಮೇಲೇರಿದ ಮೇಲೆ ತಾಸಿಗೆ 850 ಕಿ.ಮೀ. ಆಸುಪಾಸು ಓಡುತ್ತದೆ, ಆ ಲೆಕ್ಕಕ್ಕೆ ಮೂರು ತಾಸು ಸಾಕು, ಆದರೆ ರನ್‌ವೇವರೆಗೆ ಹೋಗುವುದು, ಏರುವುದು, ಇಳಿಯುವುದು, ಸ್ವಲ್ಪ ಸುತ್ತಿ ಹೋಗುವ ದಾರಿ, ಎಲ್ಲಾ ಸೇರಿ ಹೊತ್ತು ಜಾಸ್ತಿ ಆಗುತ್ತದೆ. ಉಳಿದ ಅರ್ಧ ತಾಸಿನ ವ್ಯತ್ಯಾಸ ಗಾಳಿಯದು. ಚಳಿಗಾಲದಲ್ಲಿ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಜೋರು ಗಾಳಿ ಬೀಸುತ್ತದೆ, ಅದಕ್ಕೆ ಜೆಟ್ ಸ್ಟ್ರೀಮ್ ಅಂತಾರೆ. ಹೋಗುವಾಗ ಅದು ಎದುರಿಗೆ, ಬರುವಾಗ ಬೆನ್ನಿಗೆ. ಎದುರುಗಾಳಿಗೆ ಸೈಕಲ್ ತುಳಿದವರಿಗೆ ಇದು ಗೊತ್ತೇ ಇರುತ್ತದೆ. ಮಳೆಗಾಲದಲ್ಲಿ ದಕ್ಷಿಣದ ಕಡೆ ಮೇಲಿನ ಗಾಳಿ ಮೂಡಣದಿಂದಲೇ ಬೀಸುವುದರಿಂದ ಆಗ ಈ ವ್ಯತ್ಯಾಸ ಕಡಿಮೆ.

ನನಗೆ ಹೆಚ್ಚು ಕಾಳಜಿ ಇರುವುದು ನಿಮ್ಮ ಗಾಡಿಯ ವಿಚಾರಕ್ಕೆ. ಟಿಕೆಟ್‌ನಲ್ಲಿ 3ರ ಪಕ್ಕದಲ್ಲಿ ಸಣ್ಣದಾಗಿ +1 ಅಂತ ಇದೆಯಾ ನೋಡಿ. ಅಂದರೆ ಮರುದಿನ. ಮಗ ಇಳಿಯುವುದು 14ಕ್ಕಲ್ಲ, 15ರ ನಸುಕಿನ 3ಕ್ಕೆ. ತುಂಬಾ ಜನ ಇಲ್ಲೇ ತಪ್ಪುತ್ತಾರೆ, ಒಂದು ದಿನ ಮೊದಲೇ ಹೋಗಿ ಕಾಯುತ್ತಾರೆ. ಸಿಂಧನೂರಿನಿಂದ ಮಾನ್ವಿ, ರಾಯಚೂರು, ಮಕ್ತಲ್, ಮಹಬೂಬನಗರ, ಜಡ್ಚರ್ಲ ಮೇಲೆ ಶಂಷಾಬಾದ್‌ಗೆ ಆರೇಳು ತಾಸು ಹಿಡಿಯಿರಿ. ವಿಮಾನ ನಿಲ್ದಾಣ ಹೈದರಾಬಾದಿಗಿಂತ ಈಚೆಗೇ ಸಿಗುತ್ತದೆ, ಊರೊಳಗೆ ಹೋಗಬೇಕಿಲ್ಲ.

ಹೋಗುವ ದಿನವೂ ಮೂರು ತಾಸು ಮುಂಚೆ, ಅಂದರೆ ಬೆಳಿಗ್ಗೆ 7ಕ್ಕೆ ಅವನು ಅಲ್ಲಿರಬೇಕು. ಹಿಂದಿನ ರಾತ್ರಿ 12ರೊಳಗೆ ಮನೆ ಬಿಡಲಿ.

ವಾಪಸ್ ಬರುವಾಗ 14ರ ರಾತ್ರಿ ಊಟ ಮುಗಿಸಿ 9ಕ್ಕೆ ಗಾಡಿ ಬಿಡಿಸಿ. ಆಗ ಮಗ ಇನ್ನೂ ದುಬೈನಲ್ಲೇ ಇರುತ್ತಾನೆ. ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಬ್ಯಾಗು ಅಂತ ಒಂದು ತಾಸು ಹೋಗುತ್ತದೆ. ಅವನು ಹೊರಗೆ ಬರುವಷ್ಟರಲ್ಲಿ ಗಾಡಿ ಬಾಗಿಲಲ್ಲಿರುತ್ತದೆ.