ಮತಪೆಟ್ಟಿಗೆ ಹೊರಡುವ ಮೊದಲು ಕೇಳಬೇಕಾದ ಹಾಳೆ

ಪಕ್ಷಗಳ ಒಳಚುನಾವಣೆಯ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯನ್ನು ಹೊತ್ತು ತರುತ್ತವೆ. ಹಿಂದೆ ಮೂರು ಸಲ ಚುಟುಕಾಗಿ ಉತ್ತರಿಸಿದ್ದೇನೆ. ಮತ್ತೆ ಬಂದಿದೆ. ಈ ಬಾರಿ ಹೆಚ್ಚಿನ ಜಾಗ ಅದಕ್ಕೇ ಹೋಗುತ್ತದೆ, ಉಳಿದವರು ಮನ್ನಿಸಬೇಕು.

ನಮ್ಮ ಪಕ್ಷದ ಜಿಲ್ಲಾ ಘಟಕದ ಚುನಾವಣೆಯಲ್ಲಿ ಆರು ಕೇಂದ್ರಗಳ ಪೆಟ್ಟಿಗೆಗಳನ್ನು ಒಂದೆಡೆ ಒಯ್ದು, ಮತಪತ್ರಗಳನ್ನೆಲ್ಲ ಒಂದೇ ರಾಶಿಯಲ್ಲಿ ಬೆರೆಸಿ ಎಣಿಸಿದರು. ನಮ್ಮ ಅಭ್ಯರ್ಥಿ ಸೋತರು. ನಮ್ಮ ಕೇಂದ್ರದಲ್ಲಿ ಅವರಿಗೆ ಎಷ್ಟು ಮತ ಬಿತ್ತೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಬೆರೆಸಿದ್ದೇ ಮೋಸಕ್ಕಾಗಿ ಅಲ್ಲವೇ?
– ಡೊಂಬಿವಲಿಯ ಓದುಗರು

ಅಲ್ಲ. ಬೆರೆಸಿದ್ದು ನಿಮ್ಮನ್ನು ಕಾಪಾಡಲು. ನಿಮ್ಮ ಕೇಂದ್ರದಲ್ಲಿ ಇರುವವರೇ ಅರವತ್ತು ಮತದಾರರು ಎಂದು ನೀವೇ ಬರೆದಿದ್ದೀರಿ. ಅದರಲ್ಲಿ ಐವತ್ತೈದು ಮತ ಸೋತವರಿಗೆ ಬಿದ್ದಿದೆ ಎಂದು ಗೆದ್ದವರಿಗೆ ತಿಳಿದರೆ, ಪಾಲಿಕೆ ಚುನಾವಣೆಯ ಟಿಕೆಟ್ ಹಂಚುವ ದಿನ ನಿಮ್ಮಲ್ಲಿ ಒಬ್ಬರ ಹೆಸರಾದರೂ ಪಟ್ಟಿಯಲ್ಲಿ ಉಳಿಯುತ್ತದೆಯೇ? ಮತಪತ್ರಗಳ ಕಾಲದಲ್ಲಿ ಹೀಗೆ ಬೆರೆಸಿ ಎಣಿಸಲು 1961ರ ಚುನಾವಣಾ ನಿಯಮಗಳ 59ಎ ನಿಯಮವೇ ಅವಕಾಶ ಕೊಟ್ಟಿತ್ತು. ಮತಯಂತ್ರ ಬಂದ ಮೇಲೆ ಬೂತ್‌ವಾರು ಲೆಕ್ಕ ಬಯಲಾಗತೊಡಗಿತು. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ತೋರಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಕೇಳಿತು, 2015ರಲ್ಲಿ ಕಾನೂನು ಆಯೋಗವೂ ಅದನ್ನು ಬೆಂಬಲಿಸಿತು. ಎರಡೂ ಸಂಸ್ಥೆಗಳ ಚಿಂತೆ ಮತದಾರರ ಮೇಲೆ ತೀರಿಸಿಕೊಳ್ಳುವ ಸೇಡಿನ ಬಗ್ಗೆ.

ಹಾಗೆಂದು ನಿಮ್ಮ ಅನುಮಾನ ಪೊಳ್ಳು ಎಂದು ನಾನು ಹೇಳುತ್ತಿಲ್ಲ. ನೀವು ಅನುಮಾನಿಸಿದ್ದು ತಪ್ಪು ಜಾಗದಲ್ಲಿ. ರಾಶಿಗೆ ಸುರಿಯುವ ಮೊದಲು ನಿಮ್ಮ ಪೆಟ್ಟಿಗೆಯಲ್ಲಿ ಎಷ್ಟು ಮತಪತ್ರಗಳಿದ್ದವು? ಯಾರಿಗೆ ಬಿದ್ದವು ಎಂದು ನೋಡಬೇಕಾಗಿಲ್ಲ, ಮಡಿಕೆ ಬಿಚ್ಚದೆ ಬರೀ ಸಂಖ್ಯೆ ಎಣಿಸಿದರೆ ಸಾಕು. ಆ ಸಂಖ್ಯೆ, ನಿಮ್ಮ ಕೇಂದ್ರದಲ್ಲಿ ಹಂಚಿದ ಮತಪತ್ರಗಳ ಸಂಖ್ಯೆ, ಪಟ್ಟಿಯಲ್ಲಿ ಬಿದ್ದ ಸಹಿಗಳ ಸಂಖ್ಯೆ, ಈ ಮೂರೂ ತಾಳೆಯಾಗಬೇಕು. ತಾಳೆಯಾದರೆ ಎಷ್ಟು ಬೆರೆಸಿದರೂ ಭಯವಿಲ್ಲ. ತಾಳೆಯಾಗದ ಪೆಟ್ಟಿಗೆಯನ್ನು ರಾಶಿಗೆ ಸುರಿದರೆ ಮೋಸ ಶಾಶ್ವತವಾಗಿ ಮುಚ್ಚಿಹೋಗುತ್ತದೆ, ನ್ಯಾಯಾಲಯವೂ ಅದನ್ನು ಬಗೆದು ತೆಗೆಯಲಾರದು.

2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನಡೆದ ಮತದಾನವನ್ನು ನೆನಪಿಸಿಕೊಳ್ಳಿ. ನಮ್ಮ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897, ಶಶಿ ತರೂರ್ ಅವರಿಗೆ 1,072, ಅಸಿಂಧು 416. ಎಲ್ಲ ರಾಜ್ಯಗಳ ಮತಪತ್ರಗಳನ್ನೂ ಬೆರೆಸಿಯೇ ಎಣಿಸಿದರು. ಬೆರೆಸಿದ್ದಕ್ಕೆ ತರೂರ್ ಬಣ ತಕರಾರು ಮಾಡಲಿಲ್ಲ. ಅವರ ದೂರು ಇದ್ದದ್ದು ಉತ್ತರ ಪ್ರದೇಶದ ಪೆಟ್ಟಿಗೆಗಳ ಬಗ್ಗೆ: ಅಧಿಕೃತವಲ್ಲದ ಮೊಹರು, ಮತಗಟ್ಟೆಯಲ್ಲಿ ಸಂಬಂಧವಿಲ್ಲದ ಜನ, ಎಷ್ಟು ಮತ ಬಿತ್ತೆಂದು ದಾಖಲಿಸುವ ಮತದಾನದ ಸಾರಾಂಶ ಹಾಳೆಯೇ ಇಲ್ಲ. ಅಂತರ 6,825 ಇದ್ದುದರಿಂದ ಫಲಿತಾಂಶ ಅಲುಗಲಿಲ್ಲ. ಆದರೆ ಅಂತರ ಅರವತ್ತೆಂಟು ಆಗಿದ್ದರೆ? ಆ ಸಾರಾಂಶ ಹಾಳೆಯ ಮೇಲೆಯೇ ಇಡೀ ಚುನಾವಣೆ ನಿಲ್ಲುತ್ತಿತ್ತು. ಎಣಿಕೆಗೆ ವಾರಗಳ ಮೊದಲೇ ಎದ್ದ ಕೂಗು ಮತದಾರರ ಪಟ್ಟಿಯನ್ನು ಪ್ರಕಟಿಸಿ ಎಂಬುದಾಗಿತ್ತು ಎಂಬುದನ್ನೂ ಮರೆಯಬೇಡಿ. ಮತದಾರ ಯಾರೆಂದೇ ಗೊತ್ತಿಲ್ಲದ ಮೇಲೆ ಸಹಿಗಳನ್ನು ಯಾವುದರೊಂದಿಗೆ ತಾಳೆ ನೋಡುತ್ತೀರಿ?

ಕೇಂದ್ರದಲ್ಲೇ ಎಣಿಸಿದರೆ ಜಗಳವೇ ಇರುವುದಿಲ್ಲ ಎಂದು ಭಾವಿಸುವವರಿಗೆ ಅಮೆರಿಕದ ಅಯೋವಾವನ್ನು ತೋರಿಸುತ್ತೇನೆ. 2012ರ ಜನವರಿ 3ರ ರಾತ್ರಿ ರಿಪಬ್ಲಿಕನ್ ಪಕ್ಷ ಅಲ್ಲಿ ತನ್ನ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ ಮಿಟ್ ರಾಮ್ನಿ 8 ಮತಗಳಿಂದ ಮುಂದಿದ್ದಾರೆ ಎಂದಿತು. ಎರಡು ವಾರ ಕಳೆದು ಸಹಿಯಾದ ಹಾಳೆಗಳನ್ನು ಪರಿಶೀಲಿಸಿದಾಗ ರಿಕ್ ಸ್ಯಾಂಟೋರಮ್ 34 ಮತಗಳಿಂದ ಮುಂದಿದ್ದರು. ಎಂಟು ಕೇಂದ್ರಗಳ ಹಾಳೆ ಸಿಗಲೇ ಇಲ್ಲ. ಎಂಟು ಹಾಳೆ ಕಳೆದುಹೋದದ್ದಕ್ಕೆ ನಿಜವಾದ ಗೆಲುವು ಯಾರದ್ದೆಂದು ಇವತ್ತಿಗೂ ಖಚಿತವಾಗಿ ಹೇಳಲಾಗದು.

ನನ್ನದೇ ಒಂದು ಅನುಭವ. ಮುಂಬಯಿಯ ಒಂದು ಸಂಸ್ಥೆಯ ಚುನಾವಣೆಗೆ ನಾನು ಚುನಾವಣಾಧಿಕಾರಿ. ಪಟ್ಟಿಯಲ್ಲಿ ಸಹಿ 412, ಪೆಟ್ಟಿಗೆಯಿಂದ ಹೊರಬಿದ್ದ ಮತಪತ್ರಗಳು 423. ರಾತ್ರಿ ಬಹಳ ಹೊತ್ತಾಗಿತ್ತು, ಕೊನೆಯ ಲೋಕಲ್ ತಪ್ಪುತ್ತದೆ ಎಂಬ ಆತುರ ಎಲ್ಲರಿಗೂ. ‘ಹನ್ನೊಂದೇ ತಾನೇ, ಬೆರೆಸಿಬಿಡಿ’ ಎಂದು ಎರಡೂ ಬಣದವರು ಒತ್ತಾಯಿಸಿದರು. ನಾನು ಪೆಟ್ಟಿಗೆಗೆ ಮತ್ತೆ ಅರಗಿನ ಮೊಹರು ಒತ್ತಿಸಿ, ಪಂಚನಾಮೆ ಬರೆಸಿ ಎದ್ದುಬಿಟ್ಟೆ. ಮರುದಿನ ಕೌಂಟರ್‌ಫಾಯಿಲ್‌ಗಳನ್ನು, ಅಂದರೆ ಮತಪತ್ರ ಹರಿದ ಮೇಲೆ ಪುಸ್ತಕದಲ್ಲಿ ಉಳಿಯುವ ತುಂಡುಗಳನ್ನು, ಒಂದೊಂದಾಗಿ ನೋಡಿದಾಗ ಒಂದು ಪುಸ್ತಕದಿಂದ ಹನ್ನೊಂದು ಮತಪತ್ರಗಳು ಸಹಿಯಿಲ್ಲದೆ ಹರಿದುಹೋಗಿದ್ದವು. ಮತದಾನವನ್ನೇ ಮತ್ತೆ ನಡೆಸಬೇಕಾಯಿತು. ನನ್ನನ್ನು ಮತ್ತೆ ಅಲ್ಲಿಗೆ ಕರೆಯಲಿಲ್ಲ. ಇಂದು ಕೂತರೂ ಅದನ್ನೇ ಮಾಡುತ್ತೇನೆ.

ಆದ್ದರಿಂದ ಜಿಲ್ಲಾ ಕಚೇರಿಗೆ ಪತ್ರ ಬರೆಯಿರಿ. ನಿಮ್ಮ ಅಭ್ಯರ್ಥಿಗೆ ಬಿದ್ದ ಮತ ಎಷ್ಟೆಂದು ಕೇಳಬೇಡಿ. ನಿಮ್ಮ ಪೆಟ್ಟಿಗೆಯನ್ನು ರಾಶಿಗೆ ಸುರಿಯುವ ಮೊದಲು ಎಣಿಸಿದ ಸಂಖ್ಯೆಯ ಹಾಳೆ ಕೇಳಿ, ಅದರಲ್ಲಿ ಏಜೆಂಟರ ಸಹಿ ಇದೆಯೇ ನೋಡಿ. ಅಂತಹ ಹಾಳೆಯೇ ಇಲ್ಲವೆಂದರೆ ಆಗ ನಿಮ್ಮ ದೂರಿಗೆ ಬಲವಿದೆ, ಧಾರಾಳವಾಗಿ ಜಗಳವಾಡಿ.

ಎಲ್ಲರೂ ಮೊಬೈಲ್‌ನಲ್ಲೇ ಮತ ಹಾಕಿದರೆ ಈ ರಗಳೆಯೇ ಇರುವುದಿಲ್ಲವಲ್ಲ?
– ಮೀರಾ ರೋಡ್

2020ರಲ್ಲಿ ಅದೇ ಅಯೋವಾದಲ್ಲಿ ಡೆಮಾಕ್ರಟಿಕ್ ಪಕ್ಷ ಫಲಿತಾಂಶ ಕಳುಹಿಸಲಷ್ಟೇ ಆ್ಯಪ್ ಬಳಸಿತು. ಅದು ಕೈಕೊಟ್ಟು ದಿನಗಟ್ಟಲೆ ಫಲಿತಾಂಶವಿರಲಿಲ್ಲ. ಕೊನೆಗೆ ಆಸರೆಯಾದದ್ದು ಕಾಗದದ ದಾಖಲೆ.

ಒಬ್ಬ ತಜ್ಞರು ಅಂಕಿಗಳ ಮೊದಲ ಅಂಕೆ ನೋಡಿ ಮೋಸವನ್ನು ಸಾಬೀತು ಮಾಡಿಕೊಡುತ್ತಾರಂತೆ, ಶುಲ್ಕ ಕೇಳುತ್ತಿದ್ದಾರೆ. ಕೊಡಬಹುದೇ?
– ಠಾಣೆ

ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲ ಅಂಕೆಯಾಗಿ 1 ಹೆಚ್ಚು ಸಲ, 9 ಕಡಿಮೆ ಸಲ ಬರುತ್ತದೆ ಎಂದು ಅವರು ಹೇಳುತ್ತಿರುವ ಬೆನ್‌ಫೋರ್ಡ್ ನಿಯಮ ಹತ್ತರಿಂದ ಲಕ್ಷದವರೆಗೆ ಹರಡಿದ ಅಂಕಿಗಳಿಗೆ ಹೊಂದುತ್ತದೆ. ಮತಗಟ್ಟೆಗಳು ಹೆಚ್ಚುಕಡಿಮೆ ಒಂದೇ ಗಾತ್ರದವು, ಪ್ರಾಮಾಣಿಕ ಎಣಿಕೆಯೂ ಆ ಪರೀಕ್ಷೆಯಲ್ಲಿ ಸೋಲಬಹುದು. ಸೋತವರ ನೋವನ್ನು ಮಾರಿ ಹೊಟ್ಟೆ ಹೊರೆಯುವ ಇಂಥವರ ಮೇಲೆ ನನಗೆ ಸಿಟ್ಟಿದೆ.

ಚುನಾವಣಾ ಆಯೋಗಕ್ಕೆ ದೂರು ಕೊಟ್ಟರೆ ಒಳಚುನಾವಣೆ ರದ್ದಾಗುತ್ತದೆಯೇ?
– ಮಡಗಾಂವ್

ಇಲ್ಲ. ಪಕ್ಷದ ಸಂವಿಧಾನದಲ್ಲಿರುವ ಮೇಲ್ಮನವಿ, ಅದೂ ಮುಗಿದರೆ ಸಿವಿಲ್ ನ್ಯಾಯಾಲಯ.

ನಮ್ಮ ಒಂಬತ್ತು ಮತಗಳನ್ನು ಬೇಕೆಂದೇ ಅಸಿಂಧು ಮಾಡಿದರು. ಏನು ಮಾಡಬಹುದಿತ್ತು?
– ಪುಣೆ

ಮೇಜಿನ ಮೇಲೆ ಕ್ಯಾಮೆರಾ ಇರಬೇಕೆಂದು ಮೊದಲೇ ಪಟ್ಟು ಹಿಡಿಯಬಹುದಿತ್ತು. 2024ರ ಜನವರಿ 30ರಂದು ಚಂಡೀಗಢದ ಮೇಯರ್ ಚುನಾವಣೆಯಲ್ಲಿ ಎಂಟು ಮತಪತ್ರಗಳಿಗೆ ಅಧಿಕಾರಿಯೇ ಗೀಟು ಹಾಕಿದ್ದು ಕ್ಯಾಮೆರಾದಲ್ಲಿ ಸೆರೆಯಾಗಿತ್ತು. ಸುಪ್ರೀಂ ಕೋರ್ಟ್ ಮೂರೇ ವಾರದಲ್ಲಿ ಫಲಿತಾಂಶವನ್ನು ಬದಲಿಸಿತು. ನೀವೋ, ಅಸಿಂಧು ಮತಗಳ ಹಾಳೆಗೆ ಏಜೆಂಟರಾಗಿ ಸಹಿ ಹಾಕಿ ಬಂದಿದ್ದೀರಿ ಎಂದು ಪತ್ರದ ಎರಡನೆಯ ಪುಟದಲ್ಲಿದೆ. ಆ ಹಾಳೆಯ ನಕಲನ್ನು ಇವತ್ತೇ ಲಿಖಿತವಾಗಿ ಕೇಳಿ, ಮತಪತ್ರಗಳನ್ನು ನಾಶಮಾಡಬಾರದು ಎಂದು ಅದೇ ಅರ್ಜಿಯಲ್ಲಿ ಬರೆಯಿರಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಅಲ್ಲಿಂದ ಹೊರಡಬೇಡಿ.