ಬಂಗಲೆ ಎಲ್ಲಿ, ಆ ಕರೀ ಬಯಲು ಯಾಕೆ?

ಪ್ರಶ್ನೆ: ಏಪ್ರಿಲ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ಶಿಕಾಗೋ ಹತ್ತಿರದ ಮಾರ್ಟನ್ ಆರ್ಬೊರೇಟಂ ಎಂಬ ಮರಗಳ ತೋಟ ನೋಡಿದೆವು. ಉಪ್ಪಿನ ಸಾಹುಕಾರರೊಬ್ಬರ ಹಳೇ ಎಸ್ಟೇಟ್ ಅಂದರು. ಬಂಗಲೆಯೇ ಕಾಣಲಿಲ್ಲ. ಒಂದು ಕಡೆಯಂತೂ ಬಯಲಿಗೆ ಬಯಲೇ ಸುಟ್ಟು ಕರ್ರಗಿತ್ತು. ಇಷ್ಟು ದೊಡ್ಡ ಸಂಸ್ಥೆ ಅದನ್ನು ಹಾಗೇ ಬಿಡೋದಾ? – ಒಬ್ಬ ಓದುಗರು

ಉತ್ತರ: ನಗು ಬಂತು ಸ್ವಾಮಿ, ನಿಮ್ಮ ಮೇಲಲ್ಲ. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನೇ ಮೊದಲ ಸಲ ಆ ಬಯಲು ನೋಡಿ, "ಯಾರೋ ಸಿಗರೇಟು ಎಸೆದಿರಬೇಕು ಕಣೋ" ಅಂತ ಮಗನಿಗೆ ಹೇಳಿದ್ದೆ.

ಬಂಗಲೆ ವಿಷಯ ಬೇಗ ಮುಗಿಸುತ್ತೇನೆ. ಮಾರ್ಟನ್ ಸಾಲ್ಟ್ ಕಂಪನಿಯ ಜಾಯ್ ಮಾರ್ಟನ್ 1922ರಲ್ಲಿ ತಮ್ಮ ಎಸ್ಟೇಟಿನಲ್ಲೇ ಈ ಮರಗಳ ಸಂಗ್ರಹ ಶುರು ಮಾಡಿದರು. ಮರ ನೆಡುವ ಹುಚ್ಚು ಅಪ್ಪನಿಂದ ಬಂದದ್ದು. 1872ರಲ್ಲಿ ನೆಬ್ರಾಸ್ಕಾದಲ್ಲಿ ಆರ್ಬರ್ ಡೇ, ಅಂದರೆ ಮರ ನೆಡುವ ದಿನ, ಆರಂಭಿಸಿದವರೇ ಆ ಅಪ್ಪ. ಜಾಯ್ 1934ರಲ್ಲಿ ತೀರಿಕೊಂಡರು. ಆಮೇಲೆ ಬಂಗಲೆ ಕೆಡವಿ, ಅವರ ಲೈಬ್ರರಿಯನ್ನು ಮಾತ್ರ ಉಳಿಸಿಕೊಂಡರು. ಈಗ ಅದು ಥಾರ್ನ್‌ಹಿಲ್ ಶಿಕ್ಷಣ ಕೇಂದ್ರಕ್ಕೆ ಸೇರಿದೆ. ಸಾಹುಕಾರರು ಓದುತ್ತಿದ್ದ ಜಾಗ ಪಾಠದ ಜಾಗವಾಯಿತು. ನನಗೇನೂ ಬೇಜಾರಿಲ್ಲ.

ಇನ್ನು ಆ ಕರೀ ಬಯಲು. ಅದು ಶುಲೆನ್‌ಬರ್ಗ್ ಪ್ರೇರಿ, ಸುಮಾರು 100 ಎಕರೆ. ಪ್ರೇರಿ ಅಂದರೆ ಅಲ್ಲಿನ ಬಯಲು ಹುಲ್ಲುಗಾವಲು. ಇಲಿನಾಯ್‌ಗೆ 'ಪ್ರೇರಿ ರಾಜ್ಯ' ಅಂತಲೇ ಹೆಸರು. ಆದರೆ ಉತ್ತು ಉತ್ತು, ಮೂಲ ಹುಲ್ಲುಗಾವಲು ನೂರಕ್ಕೆ ಒಂದಂಶವೂ ಉಳಿದಿಲ್ಲ. 1962ರಲ್ಲಿ ರೇ ಶುಲೆನ್‌ಬರ್ಗ್ ಎಂಬವರು ಇಲ್ಲಿನ ಹಳೇ ಹೊಲದಲ್ಲಿ ಆ ಹುಲ್ಲನ್ನು ಮತ್ತೆ ಬೆಳೆಸಲು ಹೊರಟರು. ಅಲ್ಲಲ್ಲಿ ಉಳಿದಿದ್ದ ತುಂಡು ಪ್ರೇರಿಗಳಿಂದ ಬೀಜ ಆರಿಸಿ, ಸಸಿ ಮಾಡಿ, ಕೈಯಲ್ಲೇ ನೆಟ್ಟು, ಕಳೆ ಕಿತ್ತರು. ನೂರಾರು ಬಗೆ ಮರ ತಂದು ನೆಡಲು ದುಡ್ಡಿದ್ದರೆ ಆದೀತು. ಹೋದ ಹುಲ್ಲುಗಾವಲನ್ನು ವಾಪಸು ತರೋದಕ್ಕೆ ಸೊಂಟವೂ ಬೇಕು!

ಆ ಬಯಲಿಗೆ ಬೆಂಕಿ ಹಾಕುವವರು ಆರ್ಬೊರೇಟಂನವರೇ, ಗಾಳಿ ನೋಡಿ, ಲೆಕ್ಕ ಹಾಕಿ. ಬೆಂಕಿ ಬೀಳದಿದ್ದರೆ ಪೊದೆ, ಮರದ ಸಸಿಗಳು ನುಗ್ಗಿ ಹುಲ್ಲನ್ನು ನುಂಗುತ್ತವೆ. ಹುಲ್ಲಿನ ಚಿಗುರುವ ಜಾಗ ಇರೋದು ನೆಲದೊಳಗೆ. ಬೇರು ಎಷ್ಟೋ ಅಡಿ ಆಳ. ಬೆಂಕಿಗೆ ಅದು ಸಿಕ್ಕೋದೇ ಇಲ್ಲ. ಕಪ್ಪಾದ ನೆಲ ಬಿಸಿಲಿಗೆ ಬೇಗ ಕಾಯುತ್ತೆ, ಚಿಗುರೂ ಬೇಗ.

ಮುಂದಿನ ಸಲ ಆಗಸ್ಟ್‌ನಲ್ಲಿ ಹೋಗಿ. ಅದೇ ಜಾಗದಲ್ಲಿ ಬಿಗ್ ಬ್ಲೂಸ್ಟೆಮ್ ಹುಲ್ಲು ನಿಮ್ಮ ತಲೆ ಮೀರಿ ನಿಂತಿರುತ್ತೆ. ಹಳದಿ ಹೂವಿನ ಕಂಪಾಸ್ ಗಿಡ ಹುಡುಕಿ. ಬುಡದ ಎಲೆಗಳು ಅಂಚನ್ನು ಉತ್ತರ–ದಕ್ಷಿಣಕ್ಕೆ ಮಾಡಿ ನಿಲ್ಲುತ್ತವೆ ಅಂತ ಹೆಸರು. ನಾನು ಮೊಬೈಲ್ ದಿಕ್ಸೂಚಿ ಹಿಡಿದು ನೋಡಿದೆ. ಎಲ್ಲವೂ ಅಷ್ಟು ಶಿಸ್ತಿನವಲ್ಲ, ಆದರೆ ಜಾಸ್ತಿ ಎಲೆಗಳು ಹಾಗೇ ನಿಂತಿದ್ದವು.